ರೀಮ್ಯಾಪ್ ಮಾಡಿಸಿದ ಡೀಸೆಲ್ ಕಾರಿನ ಹೆಡ್ ಗ್ಯಾಸ್ಕೆಟ್: ನನ್ನ ಅನುಭವ

ನನ್ನದು 1.9 ಲೀಟರ್ ಟಿಡಿಐ ಎಂಜಿನ್ನಿನ ಹಳೆಯ ಸ್ಕೋಡಾ ಆಕ್ಟೇವಿಯಾ. ಕಾರ್ಖಾನೆಯಿಂದ ಹೊರಬಂದಾಗ ಅದರ ಶಕ್ತಿ 90 ಪಿಎಸ್, ಟಾರ್ಕ್ 210 ನ್ಯೂಟನ್ ಮೀಟರ್. ಮೂರು ವರ್ಷಗಳ ಹಿಂದೆ ಇಸಿಯು ರೀಮ್ಯಾಪ್ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ) ಮಾಡಿಸಿದಾಗ ಅದು ಸುಮಾರು 120 ಪಿಎಸ್, 280 ನ್ಯೂಟನ್ ಮೀಟರ್‌ಗೆ ಏರಿದೆ ಎಂದು ಮಾಡಿಕೊಟ್ಟವರು ಹೇಳಿದ್ದರು. ಲೆಕ್ಕ ಎಷ್ಟು ಸರಿಯೋ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ 14 ತಿರುವುಗಳನ್ನು ಮೂರನೇ ಗೇರಿನಲ್ಲೇ ಎಳೆಯುವಷ್ಟು ಪಿಕಪ್ ಬಂದದ್ದಂತೂ ನಿಜ. ಹಾಗೆ ಮೂರನೇ ಗೇರಿನಲ್ಲಿ ಎಳೆಸಿದ್ದೇ ನಾನು ಮಾಡಿದ ತಪ್ಪುಗಳಲ್ಲೊಂದು ಎಂಬುದು ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ ಇಳಿಸಿದ ಮೇಲೆ ತಿಳಿಯಿತು.

ತೊಂದರೆಯ ಮೊದಲ ಗುರುತು ಕಂಡದ್ದು ಬೆಳಗಿನ ಹೊತ್ತು. ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಕಾರಿನ ಬಾನೆಟ್ ತೆರೆದು ರೇಡಿಯೇಟರಿನ ಮೇಲಿನ ಹೋಸ್ ಒತ್ತಿದರೆ ಅದು ಮೆತ್ತಗಿರಬೇಕು. ನನ್ನದು ಗಾಳಿ ತುಂಬಿದ ಸೈಕಲ್ ಟಯರಿನಂತೆ ಬಿಗಿಯಾಗಿತ್ತು, ಕೂಲಂಟ್ (ಎಂಜಿನ್ನನ್ನು ತಣಿಸುವ ದ್ರವ) ಟ್ಯಾಂಕಿನ ಮುಚ್ಚಳ ತಿರುಗಿಸಿದರೆ ಬುಸ್ಸೆಂದು ಗಾಳಿ ಹೊರಟಿತು. ವಾರಕ್ಕೆ ಅರ್ಧ ಲೀಟರಿನಷ್ಟು ಕೂಲಂಟ್ ಕಡಿಮೆಯಾಗುತ್ತಿದ್ದರೂ ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಆಯಿಲಿನಲ್ಲಿ ನೀರು ಸೇರಿರಲಿಲ್ಲವಾದ್ದರಿಂದ ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟಿನ ತೊಂದರೆ ಇರಲಾರದು ಎಂದು ಕೆಲವರು ಹೇಳಿದರು. ಆದರೆ ಗ್ಯಾಸ್ಕೆಟ್ ಹೋದಾಗಲೆಲ್ಲ ಆಯಿಲ್ ಹಾಲಿನಂತಾಗಬೇಕೆಂದಿಲ್ಲ. ಸಿಲಿಂಡರಿನಿಂದ ನೀರಿನ ದಾರಿಗೆ ಮಾತ್ರ ಸೀಳು ಬಿದ್ದಿದ್ದರೆ ಉರಿದ ಅನಿಲ ಕೂಲಂಟಿಗೆ ನುಗ್ಗುತ್ತದೆ, ಆಯಿಲ್ ಶುದ್ಧವಾಗಿಯೇ ಉಳಿಯುತ್ತದೆ. ಟ್ಯಾಂಕಿನ ಬಾಯಿಗೆ ಪರೀಕ್ಷೆಯ ನಳಿಗೆಯಿಟ್ಟು ಎಂಜಿನ್ ಓಡಿಸಿದಾಗ ಅದರೊಳಗಿನ, ಉರಿದ ಅನಿಲ ತಾಗಿದರೆ ಬಣ್ಣ ಬದಲಿಸುವ ನೀಲಿ ದ್ರವ ಹಸಿರಾಯಿತು. ಪೆಟ್ರೋಲ್ ಎಂಜಿನ್ನಿನಲ್ಲಾದರೆ ಅದು ಹಳದಿಗೆ ತಿರುಗುತ್ತದೆ, ಡೀಸೆಲ್ಲಿನಲ್ಲಿ ಹಸಿರು. ಅಲ್ಲಿಗೆ ಸಂಶಯ ಮುಗಿಯಿತು.

ಪರಿಚಯದ ಮೆಕ್ಯಾನಿಕ್ ಒಬ್ಬರು, "ಮಾರಾಯ್ರೆ, ಹೆಡ್ ಇಳಿಸಿ ಫೇಸಿಂಗ್ ಹೊಡೆಸಿ ಹೊಸ ಗ್ಯಾಸ್ಕೆಟ್ ಹಾಕುವ, ಎರಡು ದಿನದ ಕೆಲಸ" ಎಂದರು. ಈ ಎಂಜಿನ್ನಿನ ಹೆಡ್ಡಿಗೆ ಫೇಸಿಂಗ್ (ತಳವನ್ನು ಹೆರೆದು ಸಮತಟ್ಟು ಮಾಡುವುದು) ಮಾಡಬಾರದೆಂದು ತಯಾರಕರ ಕೈಪಿಡಿಯೇ ಹೇಳುತ್ತದೆ, ಬಾಗು 0.1 ಮಿಲಿಮೀಟರ್ ಮೀರಿದ್ದರೆ ಹೆಡ್ ಬದಲಿಸಬೇಕು. ಅಳತೆ ಮಾಡುವ ಮೊದಲೇ ಹೆರೆಯುವ ಮಾತು ಬಂದದ್ದರಿಂದ ಬ್ರಹ್ಮಾವರದ ನಮ್ಮ ಮನೆಯ ಶೆಡ್ಡಿನಲ್ಲಿ ನಾನೇ ಈ ಕೆಲಸಕ್ಕೆ ಕೈಹಾಕಿದೆ. ಹೊರಗೆ ಆಟಿಯ ಮಳೆ ಸುರಿಯುತ್ತಿತ್ತು. ಹೆಡ್ ಎತ್ತಲು ಅಕ್ಕನ ಮಗ ಬಂದಿದ್ದ.

ಬಿಚ್ಚುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಫ್ಲೈವೀಲಿನ ಗುರುತು, ಕ್ಯಾಮ್‌ಶಾಫ್ಟಿನ ಹಿಂಬದಿಯ ಸೀಳಿಗೆ ಕೂರಿಸುವ ಪಟ್ಟಿ, ಡೀಸೆಲ್ ಪಂಪಿನ ಪಿನ್ನು, ಈ ಮೂರನ್ನೂ ಜೋಡಿಸಿ ಎಂಜಿನ್ನನ್ನು ಲಾಕ್ ಮಾಡಿದ ಮೇಲೆಯೇ ಟೈಮಿಂಗ್ ಬೆಲ್ಟ್ ತೆಗೆದೆ. ಹತ್ತು ಹೆಡ್ ಬೋಲ್ಟುಗಳನ್ನು ತುದಿಯಿಂದ ನಡುವಿಗೆ ಸ್ವಲ್ಪಸ್ವಲ್ಪವಾಗಿ ಸಡಿಲಿಸಿದೆ. ಒಂದನ್ನೇ ಪೂರ್ತಿ ಬಿಚ್ಚಿದರೆ ನೆಟ್ಟಗಿದ್ದ ಹೆಡ್ಡೂ ಬಾಗಬಹುದು.

ಹೆಡ್ ಎತ್ತಿ ಕೆಳಗಿಟ್ಟಾಗ, "ಮಾವ, ಇಲ್ಲಿ ನೋಡಿ, ಇದು ತುಕ್ಕಾ?" ಎಂದು ಹುಡುಗನೇ ಮೊದಲು ತೋರಿಸಿದ. ಮೂರನೇ ಸಿಲಿಂಡರಿನ ಸುತ್ತಲಿನ ಉಕ್ಕಿನ ಉಂಗುರದ ಮೇಲೆ, ಪಕ್ಕದ ನೀರಿನ ತೂತಿನ ಕಡೆಗೆ, ಸೀಸದ ಕಡ್ಡಿಯಿಂದ ಎಳೆದಂತೆ ಒಂದು ಕಪ್ಪು ಗೆರೆಯಿತ್ತು. ಅದರ ಅಂಚಿನಲ್ಲಿ ಒಣಗಿದ ಕೂಲಂಟಿನ ನಸುಗೆಂಪು ಹೊಪ್ಪಳೆ. ನೀರಿನ ದಾರಿಗಳೊಳಗೆ ಬೆರಳು ಹಾಕಿದರೆ ಕಂದು ಬಣ್ಣದ ಲೋಳೆಯಂಥ ಕೆಸರು ಅಂಟಿಕೊಂಡಿತು. ಆ ಕೆಸರು ಕಂಡಾಗ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಹಿಂದೊಮ್ಮೆ ಸರ್ವಿಸಿಗೆ ಬಿಟ್ಟಾಗ ಒಂದು ಗ್ಯಾರೇಜಿನವರು ಗುಲಾಬಿ ಬಣ್ಣದ ಜಿ12 ಕೂಲಂಟಿನ ಮೇಲೆ ಸಾಮಾನ್ಯ ಹಸಿರು ಕೂಲಂಟ್ ಸುರಿದಿದ್ದರು. ಎರಡೂ ಬೆರೆತರೆ ಹೀಗೆ ಹೆಪ್ಪುಗಟ್ಟುತ್ತದೆ. ರೇಡಿಯೇಟರ್ ಬಿಚ್ಚಿ ನೀರು ಹಾಯಿಸಿದಾಗ ಕೆಳಗಿನ ಅರ್ಧದಲ್ಲಿ ನೀರು ಹರಿಯಲೇ ಇಲ್ಲ. ಫ್ಯಾನ್ ಪರೀಕ್ಷಿಸಿದರೆ ಅದರ ಮೊದಲ ವೇಗದ ರೆಸಿಸ್ಟರ್ ಸುಟ್ಟಿತ್ತು, ಹಾಗಾಗಿ ಬಿಸಿ ಮಿತಿಮೀರಿದ ಮೇಲಷ್ಟೇ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿತ್ತು.

ಇಷ್ಟೆಲ್ಲ ಆಗಿದ್ದರೂ ಡ್ಯಾಶ್‌ಬೋರ್ಡಿನ ಮುಳ್ಳು ಸದಾ 90ರಲ್ಲೇ ನಿಂತಿತ್ತು. ಈ ಕಾರುಗಳ ಮುಳ್ಳು ನಿಜವಾದ ಉಷ್ಣತೆ ಹಲವು ಡಿಗ್ರಿ ಏರಿಳಿದರೂ ಕದಲದಂತೆ ಹೊಂದಿಸಲ್ಪಟ್ಟಿದೆ. ಲ್ಯಾಪ್‌ಟಾಪಿಗೆ ಕೇಬಲ್ ಜೋಡಿಸಿ ನೋಡಿದರೆ ಮಾತ್ರ ಸರಿಯಾದ ಅಂಕಿ ಕಾಣುತ್ತದೆ. ನಾನು ಅದನ್ನು ಮಾಡಿರಲಿಲ್ಲ.

ರೀಮ್ಯಾಪಿನ ಪಾಲು ಇದರಲ್ಲಿ ಇಲ್ಲವೆಂದಲ್ಲ. ಈ ಎಂಜಿನ್ನಿನ ಸಿಲಿಂಡರ್ ವ್ಯಾಸ 79.5 ಮಿಲಿಮೀಟರ್, ಅಂದರೆ ಮೇಲ್ಮೈ ಸುಮಾರು 49.6 ಚದರ ಸೆಂಟಿಮೀಟರ್. ಸ್ಫೋಟದ ಗಳಿಗೆಯಲ್ಲಿ 150 ಬಾರ್ ಒತ್ತಡವಿದೆಯೆಂದು ಇಟ್ಟುಕೊಂಡರೂ ಒಂದೊಂದು ಸಿಲಿಂಡರ್ ಹೆಡ್ಡನ್ನು ಏಳೂವರೆ ಟನ್ನಿಗೂ ಮಿಕ್ಕಿದ ಬಲದಿಂದ ಮೇಲಕ್ಕೆ ತಳ್ಳುತ್ತದೆ. ಡೀಸೆಲ್ ಹೆಚ್ಚು ಸುರಿದಷ್ಟೂ, ಅದನ್ನು ಮುಂಚಿತವಾಗಿ ಸುರಿದಷ್ಟೂ ಈ ಬಲ ಏರುತ್ತದೆ. 1,600 ಆರ್‌ಪಿಎಂನಲ್ಲಿ ಮೂರನೇ ಗೇರು ಹಾಕಿ ಆಕ್ಸಿಲರೇಟರ್ ತುಳಿದಾಗ ಎಂಜಿನ್ನಿನ ಸದ್ದು ಕಡಿಮೆಯಿರುತ್ತದೆ, ಗ್ಯಾಸ್ಕೆಟ್ಟಿನ ಮೇಲಿನ ಹೊರೆ ಅಲ್ಲೇ ಹೆಚ್ಚಿರುತ್ತದೆ. ಜತೆಗೆ ಹೆಡ್ಡೂ ಕಾದಿದ್ದರೆ ಅಲ್ಯೂಮಿನಿಯಂ ಹೆಡ್ಡು ಬೀಡು ಕಬ್ಬಿಣದ ಬ್ಲಾಕಿಗಿಂತ ಹೆಚ್ಚು ಹಿಗ್ಗಿ ನಡುವಿನ ಗ್ಯಾಸ್ಕೆಟ್ಟನ್ನು ಉಜ್ಜುತ್ತದೆ. ಕೂಲಿಂಗ್ ಸರಿಯಿದ್ದಿದ್ದರೆ ಈ ಗ್ಯಾಸ್ಕೆಟ್ ರೀಮ್ಯಾಪನ್ನು ತಾಳಿಕೊಳ್ಳುತ್ತಿತ್ತು ಎಂಬುದೇ ನನ್ನ ಅಭಿಪ್ರಾಯ.

ಹೆಡ್ಡನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ನೇರಪಟ್ಟಿಯಿಟ್ಟು ಅಳೆದೆ. ಸಂದಿಯನ್ನು ಅಳೆಯುವ ತೆಳು ತಗಡಾದ ಫೀಲರ್ ಗೇಜಿನಲ್ಲಿ 0.05 ಮಿಲಿಮೀಟರಿನದು ಒಂದು ಕಡೆ ತೂರಿತು, 0.10ರದ್ದು ಎಲ್ಲಿಯೂ ತೂರಲಿಲ್ಲ. ಮಂಗಳೂರಿನ ಯೆಯ್ಯಾಡಿಯ ಲೇತ್ ಒಂದಕ್ಕೆ ಒಯ್ದು ಪ್ರೆಶರ್ ಟೆಸ್ಟ್ ಮಾತ್ರ ಮಾಡಿಸಿದೆ, ಬಿರುಕಿರಲಿಲ್ಲ. ಬ್ಲಾಕಿನ ಮೇಲ್ಮೈಯನ್ನು ಪ್ಲಾಸ್ಟಿಕ್ ಚೀಪಿನಿಂದ ಕೆರೆದು ಥಿನ್ನರಿನಲ್ಲಿ ಒರೆಸಿದೆ. ಗ್ರೈಂಡರಿಗೆ ಉಜ್ಜುವ ಬಿಲ್ಲೆ ಹಾಕಿ ಹೊಳೆಯಿಸುವವರಿದ್ದಾರೆ. ಅದರ ಧೂಳು ಆಯಿಲಿಗೆ ಸೇರಿದರೆ ಬೇರಿಂಗುಗಳ ಕಥೆ ಮುಗಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಕಾಟವಿದೆ: ಸಂಜೆ ಹೊಳೆಯುವಂತೆ ಒರೆಸಿಟ್ಟ ಕಬ್ಬಿಣದ ಮೇಲೆ ಬೆಳಗ್ಗೆ ಕೆಂಪು ತುಕ್ಕಿನ ಪೊರೆ ಕೂತಿರುತ್ತದೆ. ದಿನವೂ ಕೆಲಸ ನಿಲ್ಲಿಸುವಾಗ ಆಯಿಲ್ ಸವರಿ, ಮರುದಿನ ಮತ್ತೆ ಒರೆಸಬೇಕಾಯಿತು.

ಗ್ಯಾಸ್ಕೆಟ್ ಆರಿಸುವುದಕ್ಕೂ ಒಂದು ಲೆಕ್ಕವಿದೆ. ಡಯಲ್ ಗೇಜ್ ಇಟ್ಟು, ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲಕ್ಕೆ ಬರುತ್ತದೆಂದು ನಾಲ್ಕರಲ್ಲೂ ಅಳೆಯಬೇಕು. 0.91ರಿಂದ 1.00 ಮಿಲಿಮೀಟರ್ ಇದ್ದರೆ ಒಂದು ತೂತಿನ ಗುರುತಿರುವ ಗ್ಯಾಸ್ಕೆಟ್, 1.01ರಿಂದ 1.10ಕ್ಕೆ ಎರಡು ತೂತು, 1.11ರಿಂದ 1.20ಕ್ಕೆ ಮೂರು ತೂತು. ನನ್ನ ಎಂಜಿನ್ನಿನಲ್ಲಿ ಅತಿ ಹೆಚ್ಚು ಬಂದದ್ದು 1.03, ಹಳೆಯ ಗ್ಯಾಸ್ಕೆಟ್ಟಿಗೂ ಎರಡೇ ತೂತು. ರೀಮ್ಯಾಪ್ ಇದ್ದರೆ ಮೂರು ತೂತಿನ ದಪ್ಪದ್ದೇ ಕ್ಷೇಮವೆಂದು ಅಂಗಡಿಯಲ್ಲಿ ಸಲಹೆ ಬಂತು. ದಪ್ಪದ್ದು ಹಾಕಿ ಕಂಪ್ರೆಷನ್ ಇಳಿಸಿದರೆ ಬೆಳಗಿನ ಸ್ಟಾರ್ಟಿಂಗ್ ಕೆಟ್ಟು ಹೊಗೆ ಹೆಚ್ಚುತ್ತದೆಯೇ ಹೊರತು ಕಟ್ಟಿದ ರೇಡಿಯೇಟರ್ ತೆರೆದುಕೊಳ್ಳುವುದಿಲ್ಲ. ಎರಡು ತೂತಿನದನ್ನೇ ತಂದೆ.

ಹೆಡ್ ಬೋಲ್ಟುಗಳು ಒಮ್ಮೆ ಬಿಗಿದಾಗ ಹಿಗ್ಗುವಂಥವು, ಆದ್ದರಿಂದ ಹತ್ತೂ ಹೊಸವು. ಬ್ಲಾಕಿನ ಬೋಲ್ಟ್ ತೂತುಗಳನ್ನು ಗಾಳಿ ಊದಿ ಒಣಗಿಸಿದೆ; ತಳದಲ್ಲಿ ಆಯಿಲೋ ನೀರೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಆ ಒತ್ತಡಕ್ಕೆ ಬ್ಲಾಕೇ ಸೀಳಬಹುದು. ನಡುವಿನಿಂದ ಹೊರಕ್ಕೆ, ಮೊದಲು 40, ಆಮೇಲೆ 60 ನ್ಯೂಟನ್ ಮೀಟರ್, ನಂತರ ಒಂದೊಂದಕ್ಕೂ ಕಾಲು ಸುತ್ತು, ಮತ್ತೆ ಕಾಲು ಸುತ್ತು. ಕೊನೆಯ ಕಾಲು ಸುತ್ತಿನಲ್ಲಿ ಬೋಲ್ಟು ಜಗ್ಗುತ್ತಿರುವುದು ಕೈಗೇ ತಿಳಿಯುತ್ತದೆ, ಈಗ ತುಂಡಾಯಿತೆಂದು ಎದೆ ಹಾರುತ್ತದೆ. ಅಲ್ಲಿ ಹೆದರಿ ನಿಲ್ಲಿಸಬಾರದು. ಪ್ರತಿ ಬೋಲ್ಟಿನ ತಲೆಗೂ ಬಿಳಿ ಪೇಂಟಿನ ಚುಕ್ಕೆಯಿಟ್ಟುಕೊಂಡದ್ದರಿಂದ ಲೆಕ್ಕ ತಪ್ಪಲಿಲ್ಲ.

ಟೈಮಿಂಗ್ ಬೆಲ್ಟಿನ ಜತೆಗೆ ಅದರಿಂದಲೇ ತಿರುಗುವ ವಾಟರ್ ಪಂಪು, ಟೆನ್ಷನರ್, ಥರ್ಮೋಸ್ಟಾಟ್, ರೇಡಿಯೇಟರ್, ಫ್ಯಾನಿನ ರೆಸಿಸ್ಟರ್ ಎಲ್ಲವೂ ಹೊಸದಾದವು. ಸ್ಟಾರ್ಟರ್ ಮುಟ್ಟುವ ಮೊದಲು ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಮೂರೂ ಗುರುತುಗಳು ಮತ್ತೆ ಕೂಡುವುದನ್ನು ನೋಡಿಕೊಂಡೆ. ಕೆಸರು ಹೋಗುವವರೆಗೆ ನಾಲ್ಕು ಸಲ ನೀರು ತುಂಬಿಸಿ ಖಾಲಿ ಮಾಡಿ, ಕೊನೆಗೆ ಡಿಸ್ಟಿಲ್ಡ್ ವಾಟರಿಗೆ ಸಮಪಾಲು ಜಿ12 ಬೆರೆಸಿ ಹಾಕಿದೆ.

ರೀಮ್ಯಾಪ್ ತೆಗೆಸಲಿಲ್ಲ, ಆದರೆ 2,000 ಆರ್‌ಪಿಎಂಗಿಂತ ಕೆಳಗೆ ಡೀಸೆಲ್ ಪ್ರಮಾಣವನ್ನು ತಗ್ಗಿಸಿ ಬರೆಸಿಕೊಂಡೆ. ಎರಡು ವಾರ ಊರೊಳಗೆ ಓಡಿಸಿ, ಲ್ಯಾಪ್‌ಟಾಪ್ ಹಿಡಿದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗುಂಬೆ ಹತ್ತಿದೆ. ಈ ಸಲ ಎರಡನೇ ಗೇರು. ಅವನು ತಿರುವಿಗೊಮ್ಮೆ ಅಂಕಿ ಓದುತ್ತ ಬಂದ, 97ನ್ನು ದಾಟಲಿಲ್ಲ. ಮರುದಿನ ಬೆಳಗ್ಗೆ ಬಾನೆಟ್ ತೆರೆದು ಮೇಲಿನ ಹೋಸ್ ಒತ್ತಿದೆ. ಬೆರಳು ಒಳಕ್ಕಿಳಿಯಿತು.