ರೈಲ್ವೆ ಗೇಟ್ ದಾಟುವುದು ಹೇಗೆ? ಗಂಟೆ, ದೀಪಗಳನ್ನು ಎಷ್ಟು ನಂಬಬಹುದು?

ಹಳಿ ಇನ್ನೂ ದೂರ ಇರುವಾಗಲೇ ಅಲ್ಲಿ ಏನೇನಿದೆ ನೋಡಿಕೊಳ್ಳಿ. ಬರೀ ಬೋರ್ಡ್ ಇದ್ದರೆ ಅದು ಹೇಳುವುದು ‘ಇಲ್ಲಿ ಹಳಿ ಇದೆ’ ಅಂತ ಅಷ್ಟೇ, ರೈಲು ಬರುತ್ತಿದೆಯಾ ಅನ್ನುವುದನ್ನು ನೀವೇ ಕಂಡುಹಿಡಿಯಬೇಕು. ವೇಗ ಇಳಿಸಿ, ಹಾಡು ನಿಲ್ಲಿಸಿ, ಕಿಟಕಿ ಗಾಜು ಕೆಳಗಿಳಿಸಿ, ಎರಡೂ ಕಡೆ ನೋಡಿ. ರೈಲು ಕಂಡರೆ ಅದರ ವೇಗ ಅಳೆಯಲು ಹೋಗಬೇಡಿ. ದೊಡ್ಡ ವಸ್ತು ನಮ್ಮ ಕಣ್ಣಿಗೆ ಇರುವುದಕ್ಕಿಂತ ನಿಧಾನವಾಗಿ ಬಂದಂತೆ ಕಾಣುತ್ತದೆ.

ಕೆಂಪು ದೀಪ ಮಿನುಗಿ ಗಂಟೆ ಹೊಡೆದರೆ ನಿಲ್ಲಿಸಿ. ಇದು ಕೆಲಸ ಮಾಡುವ ರೀತಿ ಚೆನ್ನಾಗಿದೆ: ಹಳಿಯಲ್ಲಿ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ, ರೈಲಿನ ಗಾಲಿ ಮತ್ತು ಅಚ್ಚು ಎರಡೂ ಹಳಿಗಳನ್ನು ಸೇರಿಸಿದ ಕೂಡಲೇ ಆ ಕರೆಂಟ್ ರಿಲೇಗೆ (ಕರೆಂಟ್ ಬರುವಷ್ಟು ಹೊತ್ತು ದೀಪ ಆರಿಸಿಡುವ ಸ್ವಿಚ್‌ಗೆ) ತಲುಪುವುದಿಲ್ಲ, ದೀಪ ಹತ್ತುತ್ತದೆ. ಹಳಿ ಮುರಿದರೂ, ತಂತಿ ಕಿತ್ತರೂ ಹತ್ತುತ್ತದೆ. ತಪ್ಪಾದರೂ ಸುರಕ್ಷಿತ ಕಡೆಗೇ ತಪ್ಪಲಿ ಅನ್ನುವ ಲೆಕ್ಕ. ಆದರೆ ರೈಲೇ ಬಾರದೆ ಗಂಟೆ ಹೊಡೆಯುವುದನ್ನು ನಾಲ್ಕು ಸಲ ನೋಡಿದವರು ಐದನೇ ಸಲ ನಿಲ್ಲಿಸುತ್ತಾರಾ? ಅಮೆರಿಕದ ನಿಯಮದಲ್ಲಿ ರೈಲು ಬರುವ ಕನಿಷ್ಠ 20 ಸೆಕೆಂಡ್ ಮೊದಲು ಎಚ್ಚರಿಕೆ ಶುರುವಾಗಬೇಕು. ಹಳೇ ಸಾಧನಗಳಲ್ಲಿ ಗೂಡ್ಸ್ ರೈಲು ತೆವಳಿಕೊಂಡು ಬಂದರೆ ಕಾಯುವುದು ಇನ್ನೂ ಜಾಸ್ತಿ, ಅಷ್ಟರಲ್ಲಿ ತಾಳ್ಮೆ ಹೋಗುತ್ತದೆ. ಅದಕ್ಕೇ ಈಗಿನ ಕೆಲವು ಸಾಧನಗಳು ರೈಲಿನ ವೇಗ ಅಳೆದು ಗಂಟೆ ಹೊಡೆಯುತ್ತವೆ.

ಬರೀ ದೀಪಕ್ಕಿಂತ ದೀಪದ ಜೊತೆ ಗೇಟೂ ಇರುವಲ್ಲಿ ಅಪಘಾತ ಕಡಿಮೆ. ಆದರೂ ಅರ್ಧ ಗೇಟ್ ನಿಮ್ಮ ಕಡೆಯ ಅರ್ಧ ರಸ್ತೆಯನ್ನಷ್ಟೇ ಮುಚ್ಚುತ್ತದೆ, ಪಕ್ಕದಿಂದ ಹಾವಿನ ಹಾಗೆ ನುಸುಳುವವರು ಇದ್ದೇ ಇರುತ್ತಾರೆ. ರಸ್ತೆ ಮಧ್ಯೆ ಡಿವೈಡರ್ ಹಾಕಿದರೆ ಅಥವಾ ನಾಲ್ಕೂ ಕಡೆ ಗೇಟ್ ಇಟ್ಟರೆ ಆ ಚಾಳಿಗೆ ಜಾಗವೇ ಉಳಿಯುವುದಿಲ್ಲ. ನನ್ನನ್ನು ಕೇಳಿದರೆ, ಇನ್ನೊಂದು ಬೋರ್ಡ್ ನೆಡುವ ಬದಲು ಡಿವೈಡರ್ ಕಟ್ಟುವುದೇ ವಾಸಿ.

ರೈಲು ಹೋದ ತಕ್ಷಣ ನುಗ್ಗಬೇಡಿ. ಜೋಡಿ ಹಳಿ ಇದ್ದರೆ ಆ ರೈಲಿನ ಮರೆಯಲ್ಲೇ ಎದುರಿನಿಂದ ಇನ್ನೊಂದು ಬರುತ್ತಿರಬಹುದು. ದೀಪ ಆರಲಿ. ಆಚೆ ಕಡೆ ನಿಮ್ಮ ಗಾಡಿ ಪೂರ್ತಿ ಹಿಡಿಸುವಷ್ಟು ಜಾಗ ಇದ್ದರೆ ಮಾತ್ರ ಹೊರಡಿ, ಹಳಿ ಮೇಲೆ ಗೇರ್ ಬದಲಿಸಬೇಡಿ.

ಗೇಟ್‌ಗಳ ನಡುವೆ ಸಿಕ್ಕಿಕೊಂಡರೆ? ಗೇಟ್ ಮುರಿದುಕೊಂಡೇ ಹೋಗಿ. ಗಾಡಿಯೇ ನಿಂತುಬಿಟ್ಟರೆ ಎಲ್ಲರೂ ಇಳಿದು, ಹಳಿಯಿಂದ ದೂರ ಸರಿಯುತ್ತಾ ರೈಲು ಬರುವ ದಿಕ್ಕಿಗೇ ಓರೆಯಾಗಿ ಓಡಿ. ಗುದ್ದಿದಾಗ ಗಾಡಿಯ ಚೂರುಗಳು ಹಾರುವುದು ರೈಲು ಹೋಗುವ ಕಡೆಗೆ.