ಬೇಸ್ ಗಿಟಾರಿಗೆ ಮೊದಲ ಕ್ಯಾಬಿನೆಟ್ 8 ಓಮ್‌ನದ್ದೇ ತಗೊಳ್ಳಿ

4 ಓಮ್‌ನ (ಓಮ್ ಎಂದರೆ ಸ್ಪೀಕರ್ ಒಡ್ಡುವ ವಿದ್ಯುತ್ ತಡೆಯ ಅಳತೆ) ಒಂದು ದೊಡ್ಡ ಕ್ಯಾಬಿನೆಟ್‌ಗಿಂತ, ಅಂದರೆ ಸ್ಪೀಕರ್ ಪೆಟ್ಟಿಗೆಗಿಂತ, 8 ಓಮ್‌ನ 1x12 (12 ಇಂಚಿನ ಒಂದೇ ಸ್ಪೀಕರ್ ಇರುವುದು) ಒಂದನ್ನು ಈಗ, ಅದೇ ಮಾಡೆಲ್‌ನ ಇನ್ನೊಂದನ್ನು ಆಮೇಲೆ ಕೊಳ್ಳಿ. ಎರಡು 8 ಓಮ್ ಪ್ಯಾರಲಲ್ (ಸಮಾಂತರ) ಆಗಿ ಜೋಡಿಸಿದರೆ 4 ಓಮ್. ಹೆಚ್ಚಿನ ಕ್ಲಾಸ್ ಡಿ ಹೆಡ್‌ಗಳ (ಸ್ಪೀಕರ್ ಇಲ್ಲದ, ಹಗುರವಾದ ಆಂಪ್‌ಗಳ) ಮೇಲೆ ಬರೆದಿರುವ 500 ವಾಟ್ ಸಿಗುವುದು 4 ಓಮ್‌ಗೇ. ಒಂದೇ 8 ಓಮ್‌ಗೆ ಅದರ ಅರ್ಧದಷ್ಟು, ಸ್ವಲ್ಪ ಹೆಚ್ಚು. ಶಿರಸಿಯ ಮದುವೆ ಹಾಲ್‌ಗೆ ಅಷ್ಟು ಧಾರಾಳ. ಕಾರವಾರದ ಟಾಗೋರ್ ಬೀಚಿನಂಥ ಬಯಲಿನಲ್ಲಿ ಗೋಡೆಗಳ ಬೆಂಬಲವಿಲ್ಲದೆ ಕೆಳಸ್ವರ ಕರಗಿಹೋಗುತ್ತದೆ. ಅಲ್ಲಿ ಎರಡನೆಯದು ಬೇಕು, ಲೆಕ್ಕದಲ್ಲಿ 6 ಡೆಸಿಬಲ್‌ವರೆಗೆ ಲಾಭ. ಪಕ್ಕಪಕ್ಕ ಇಡಬೇಡಿ, ಒಂದರ ಮೇಲೊಂದು ನಿಲ್ಲಿಸಿ: ಮೇಲಿನ ಸ್ಪೀಕರ್ ನಿಮ್ಮ ಕಿವಿಗೆ ಹತ್ತಿರವಾಗುತ್ತದೆ, ಸುಮ್ಮನೆ ವಾಲ್ಯೂಮ್ ಏರಿಸುವುದು ತಪ್ಪುತ್ತದೆ. ಹೆಡ್‌ನಿಂದ ಕ್ಯಾಬಿನೆಟ್‌ಗೆ ಹೋಗುವ ಕೇಬಲ್ ಸ್ಪೀಕಾನ್‌ದೇ (ತಿರುಗಿಸಿ ಬಿಗಿಯುವ ಸ್ಪೀಕರ್ ಕನೆಕ್ಟರ್) ಇರಲಿ. ತೆಳ್ಳಗಿನ ಗಿಟಾರ್ ಕೇಬಲ್ ಬಿಸಿಯಾಗಿ ಶಾರ್ಟ್ ಆದೀತು. (ಕರಾವಳಿಯ ಉಪ್ಪುಗಾಳಿಗೆ ಜ್ಯಾಕ್ ಬೇಗ ಕಿಲುಬು ಹಿಡಿಯುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಚೀಲದಲ್ಲಿರಲಿ.) ಈ ಉಪಾಯ ಎಲ್ಲ ಕಡೆ ನಡೆಯದು: ಒಳಗೇ 4 ಓಮ್ ಸ್ಪೀಕರ್ ಇರುವ ಕಾಂಬೋಗೆ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದು), ಅದರ ಆಂಪ್ ತಾಳುವ ಕನಿಷ್ಠ 4 ಓಮ್ ಆಗಿದ್ದರೆ, ಇನ್ನೊಂದನ್ನು ಸೇರಿಸಲೇಬಾರದು. ಟ್ಯೂಬ್ (ವಾಲ್ವ್) ಹೆಡ್ ಆದರೆ ಎರಡನೆಯದನ್ನು ಜೋಡಿಸುವ ಮೊದಲು ಹಿಂದಿನ ಓಮ್ ಸ್ವಿಚ್ಚನ್ನೂ 4ಕ್ಕೆ ಬದಲಿಸಬೇಕು.