ನೇಯ್ದ ರಕ್ತನಾಳಕ್ಕೆ ತಂತಿಯ ಆಸರೆ ಕೊಡುವ ಬಗೆ

ನಮ್ಮ ಕಾಕಾ ಇಳಕಲ್ಲಿನಲ್ಲಿ ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವರು, ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರು. ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತಿದ್ದವರು ಬೆನ್ನು ಹಿಡಿದುಕೊಂಡು ಅಡ್ಡಾದರು. ಮೊದಲು ನೋಡಿದ ಡಾಕ್ಟರು ಕಿಡ್ನಿ ಸ್ಟೋನ್ ಇರಬೇಕೆಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ನೋವು ನಿಲ್ಲಲಿಲ್ಲ. ಅಮೀನಗಡ ದಾಟಿ ಬಾಗಲಕೋಟೆಗೆ ಒಯ್ದು ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯೊಳಗಿನ ಮಹಾಧಮನಿ ಉಬ್ಬಿ ಒಡೆದದ್ದು ಕಂಡಿತು. ಆಪರೇಷನ್ನಿಗೆ ಸಜ್ಜು ಮಾಡುವಷ್ಟರಲ್ಲಿ ಜೀವ ಹೋಯಿತು. ನಾನು ಆಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ.

ಹಾಗೆ ಉಬ್ಬಿದ ನಾಳದೊಳಗೆ ಬಟ್ಟೆಯ ಕೊಳವೆಯೊಂದನ್ನು ತೊಡೆಯ ರಕ್ತನಾಳದ ದಾರಿಯಿಂದಲೇ ತೂರಿಸಿ, ತಂತಿಯ ಬಳೆಗಳಿಂದ ಬಿಗಿದು ನಿಲ್ಲಿಸುತ್ತಾರೆ. ಅದಕ್ಕೆ ಸ್ಟೆಂಟ್ ಗ್ರಾಫ್ಟ್ ಅನ್ನುತ್ತಾರೆ. ಓದು ಮುಗಿದ ಮೇಲೆ ನಾನು ಹಿಡಿದದ್ದು ಇದೇ ಕೆಲಸ. ಈಗ ಬಾಗಲಕೋಟೆ, ಬೆಳಗಾವಿ, ವಿಜಯಪುರದ ಹುಡುಗ ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ನನ್ನ ಹತ್ತಿರ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು ತಂತಿಯ ವಿಷಯ. ನಾನು ಬಟ್ಟೆಯಿಂದ ಶುರು ಮಾಡಿಸುತ್ತೇನೆ. ರಕ್ತದ ಒತ್ತಡವನ್ನು ತಡೆಯುವುದು ಬಟ್ಟೆ. ತಂತಿ ಅದನ್ನು ಬಾಯಿ ತೆರೆದು ಜಾಗದಲ್ಲಿ ಹಿಡಿದಿರುತ್ತದೆ, ಅಷ್ಟೆ. ಈ ಅನುಕ್ರಮ ತಪ್ಪಿದ ವಿನ್ಯಾಸಗಳು ಎಲ್ಲಿ ಸೋಲುತ್ತವೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಒಂದು ಮಾತು ಮೊದಲೇ. ಇಲ್ಲಿ ಹೇಳುವುದು ಮೇಜಿನ ಮೇಲೆ ಪರೀಕ್ಷಿಸುವ ಮಾದರಿಯ ಬಗ್ಗೆ. ಮನುಷ್ಯರ ಮೈಯೊಳಗೆ ಹೋಗುವ ಸಾಧನ ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಕೆಳಗೆ ಬರುತ್ತದೆ, ಅದರಲ್ಲೂ ಅತಿ ಹೆಚ್ಚು ಅಪಾಯದ 'ಡಿ' ವರ್ಗದಲ್ಲಿ. ಐಎಸ್ಒ 25539ರ ಮೊದಲ ಭಾಗ ಈ ಸಾಧನಕ್ಕೆಂದೇ ಇರುವ ಮಾನದಂಡ. ಮಾದರಿ ಮಾಡುವಾಗಲೇ ಅದನ್ನು ಪಕ್ಕದಲ್ಲಿಟ್ಟುಕೊಳ್ಳಿರಿ.

ಬಟ್ಟೆ ರಕ್ತನಾಳವಾದ ಕಥೆ ದೊಡ್ಡದು, ಅದರಿಂದ ಎರಡು ಮೂರು ಎಳೆ ಸಾಕು. ನ್ಯೂಯಾರ್ಕಿನ ಆರ್ಥರ್ ವೂರ್ಹೀಸ್ ನಾಯಿಯ ಹೃದಯದೊಳಗೆ ಉಳಿದಿದ್ದ ರೇಷ್ಮೆ ಹೊಲಿಗೆಯ ಮೇಲೆ ಹೊಳೆಯುವ ಪೊರೆ ಬೆಳೆದದ್ದನ್ನು 1947ರಲ್ಲಿ ಕಂಡರು. ದಾರದ ಮೇಲೆ ಪೊರೆ ಬೆಳೆಯುವುದಾದರೆ ಬಟ್ಟೆಯ ಮೇಲೂ ಬೆಳೆಯಬೇಕಲ್ಲ ಎಂದು ಯೋಚಿಸಿ, ವಿನ್ಯಾನ್ ಎಂಬ ಬಟ್ಟೆಯಿಂದ ನಾಳ ಮಾಡಿದರು. ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ ಡೇಕ್ರಾನ್ ಬಟ್ಟೆ ತಂದು ಮನೆಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಡೇಕ್ರಾನ್ ಅಂದರೆ ನಮ್ಮ ಪಾಲಿಯೆಸ್ಟರೇ. ತಂತಿ ಸೇರಿಸಿ ನಾಳದೊಳಗಿನಿಂದಲೇ ಕೂರಿಸಿದ್ದು ಖಾರ್ಕಿವ್‌ನ ನಿಕೊಲಾಯ್ ವೊಲೊಡೊಸ್, 1987ರಲ್ಲಿ, ಎದೆಯ ಮಹಾಧಮನಿಗೆ. ಹೊಟ್ಟೆಯ ಉಬ್ಬಿಗೆ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ 1990ರ ಸೆಪ್ಟೆಂಬರಿನಲ್ಲಿ ಮಾಡಿದರು.

ಮೊದಲ ಕೆಲಸ ಅಳತೆ. ಹೊಟ್ಟೆಯ ಮಹಾಧಮನಿ ಸಾಮಾನ್ಯವಾಗಿ 2 ಸೆಂ.ಮೀ. ಅಗಲ. 3 ದಾಟಿದರೆ ಉಬ್ಬು ಅನ್ನುತ್ತಾರೆ, ಗಂಡಸರಲ್ಲಿ 5.5 ಮುಟ್ಟಿದರೆ ದುರಸ್ತಿಯ ಮಾತು ಬರುತ್ತದೆ. ಆದರೆ ನಮಗೆ ಬೇಕಾದ ಅಳತೆ ಉಬ್ಬಿನದಲ್ಲ, ಉಬ್ಬಿನ ಮೇಲಿನ ಕೊರಳಿನದು. ಕಿಡ್ನಿಗೆ ಹೋಗುವ ನಾಳಗಳ ಕೆಳಗೆ, ಉಬ್ಬು ಶುರುವಾಗುವ ಮುಂಚೆ ಇರುವ ಆರೋಗ್ಯವಂತ ತುಂಡು ಅದು. ಬಟ್ಟೆ ಗೋಡೆಗೆ ಅಂಟಿಕೊಂಡು ಸೋರದಂತೆ ನಿಲ್ಲಬೇಕಾದದ್ದು ಅಲ್ಲಿ. ಸಾಮಾನ್ಯ ಸಾಧನಕ್ಕೆ ಆ ಕೊರಳು 10ರಿಂದ 15 ಮಿ.ಮೀ. ಆದರೂ ಉದ್ದವಿರಬೇಕು, 60 ಡಿಗ್ರಿಗಿಂತ ಹೆಚ್ಚು ಬಾಗಿರಬಾರದು. ಸಿ.ಟಿ. ಚಿತ್ರದಲ್ಲಿ ನಾಳ ಹೋದ ದಿಕ್ಕಿಗೆ ಅಡ್ಡಲಾಗಿ ಅಳೆಯಿರಿ. ಬಾಗಿದ ನಾಳವನ್ನು ನೇರ ಅಡ್ಡ ಕೊಯ್ದ ಚಿತ್ರದಲ್ಲಿ ಅಳೆದರೆ, ಓರೆಯಾಗಿ ಕೊಯ್ದ ಸವತೆಕಾಯಿಯ ಹೋಳಿನ ಹಾಗೆ ಇದ್ದದ್ದಕ್ಕಿಂತ ಅಗಲ ಕಾಣುತ್ತದೆ.

ಕೊರಳು 24 ಮಿ.ಮೀ. ಅಂತ ಇಟ್ಟುಕೊಳ್ಳೋಣ. ಗ್ರಾಫ್ಟಿನ ವ್ಯಾಸ ಅದಕ್ಕಿಂತ ಶೇಕಡಾ 10ರಿಂದ 20 ಹೆಚ್ಚಿರಬೇಕು, ಆಗಲೇ ತಂತಿ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಶೇಕಡಾ 15 ಸೇರಿಸಿದರೆ 27.6, ಅಂದರೆ 28 ಮಿ.ಮೀ. ಬಿಗಿ ಇರಲಿ ಎಂದು ಇನ್ನೂ ದೊಡ್ಡದು ಮಾಡಬೇಡಿರಿ. ಹೆಚ್ಚಾದ ಬಟ್ಟೆ ನಿರಿಗೆಯಾಗುತ್ತದೆ, ನಿರಿಗೆಯ ಸಂದಿಯಲ್ಲಿ ರಕ್ತ ಇಳಿಯುತ್ತದೆ.

ಈಗ ನೇಯ್ಗೆ. ಕೊಳವೆಯನ್ನು ಹೊಲಿಗೆಯಿಲ್ಲದೆ ಮಗ್ಗದ ಮೇಲೆಯೇ ನೇಯಬಹುದು. ಮೇಲೊಂದು ಕೆಳಗೊಂದು ಪದರ ಹಾಸು ಕಟ್ಟಿ, ಒಂದೇ ಲಾಳಿಯಿಂದ ಒಮ್ಮೆ ಮೇಲಿನ ಪದರಕ್ಕೆ, ತಿರುಗಿ ಬರುವಾಗ ಕೆಳಗಿನ ಪದರಕ್ಕೆ ಹೊಕ್ಕು ಹಾಕಿದರೆ ಎರಡೂ ಅಂಚು ತಾವೇ ಕೂಡಿ ಚಪ್ಪಟೆ ಕೊಳವೆಯಾಗುತ್ತದೆ. ಇದಕ್ಕೆ ಹಾಸಿನ ಎಳೆ ಎತ್ತಿ ಇಳಿಸುವ ನಾಲ್ಕು ಚೌಕಟ್ಟು ಬೇಕು. 28 ಮಿ.ಮೀ. ವ್ಯಾಸದ ಕೊಳವೆಯ ಸುತ್ತಳತೆ 88 ಮಿ.ಮೀ., ಮಗ್ಗದ ಮೇಲೆ ಚಪ್ಪಟೆಯಾಗಿ 44. ಸೆಂಟಿಮೀಟರಿಗೆ 60 ಎಳೆಯಂತೆ ಲೆಕ್ಕ ಹಾಕಿದರೆ 528 ಎಳೆ.

ಇಲ್ಲೇ ನಾನು ಮೊದಲ ಸಲ ಎಡವಿದ್ದು. 528 ಎಳೆ ಹೂಡಿ ಒಂದು ಗೇಣು ನೇಯ್ದು ಅಪ್ಪನ ಮುಂದೆ ಹಿಡಿದೆ. ಅಪ್ಪ ಕಂದೀಲಿನ ಗಾಜು ನೋಡುವ ಹಾಗೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಇಲ್ಲಿ ನೋಡವಾ, ಈ ಅಂಚಿನ್ಯಾಗ ಎರಡು ಎಳಿ ಜೋಡಿ ಕುಂತಾವ. ಒಂದು ಮ್ಯಾಲ ಒಂದು ಕೆಳಗ ಅನ್ನೂದು ಇಲ್ಲಿ ತಪ್ಪೈತಿ" ಅಂದರು. ಸರಿಯಾಗಿಯೇ ಹೇಳಿದ್ದರು. ಸಾದಾ ನೇಯ್ಗೆ ಕೊಳವೆಯ ಸುತ್ತ ಎಲ್ಲೂ ಮುರಿಯದೆ ಹೋಗಬೇಕಾದರೆ ಒಟ್ಟು ಎಳೆ ಬೆಸ ಸಂಖ್ಯೆಯಾಗಿರಬೇಕು. 529 ಮಾಡಿದೆವು, ಜೋಡಿ ಎಳೆ ಹೋಯಿತು.

ಆದರೂ ಅಂಚುಗಳಲ್ಲಿ ದಟ್ಟ ಗೆರೆ ಉಳಿಯಿತು. ಹೊಕ್ಕು ತಿರುಗುವಾಗ ಎಳೆಯುವ ಬಿಗಿಗೆ ಅಲ್ಲಿಯ ಹಾಸು ಒಂದರ ಮೇಲೊಂದು ಒತ್ತುತ್ತದೆ. ಕೊಳವೆ ದುಂಡಗಾದ ಮೇಲೆ ಆ ಎರಡು ಗೆರೆ ಗಡುಸಾಗಿ ಉಳಿದು, ಬಾಗುವಾಗ ಅಲ್ಲೇ ಮಡಚುತ್ತದೆ. ಅಪ್ಪ ಎರಡೂ ಅಂಚಿನಲ್ಲಿ ಒಂದೊಂದು ನುಣುಪಾದ ಉಕ್ಕಿನ ತಂತಿ ಬಿಗಿದರು. ಹೊಕ್ಕು ಅದನ್ನು ಬಳಸಿ ತಿರುಗುತ್ತದೆ, ಬಟ್ಟೆ ಮುಂದೆ ಸರಿದಂತೆ ತಂತಿ ಜಾರಿ ಹೊರಬರುತ್ತದೆ. ಲಾಳಿಯೊಳಗೆ ಹೊಕ್ಕಿನ ನೂಲು ಸುತ್ತಿದ ಕಂಡಕಿಯ ಬಿಗಿಯನ್ನೂ ಸಡಿಲಿಸಿದರು.

ಮಹಾಧಮನಿ ಹೊಕ್ಕಳಿನ ಮಟ್ಟದಲ್ಲಿ ಎರಡು ಕವಲಾಗುವುದರಿಂದ ಗ್ರಾಫ್ಟಿಗೂ ಎರಡು ಕಾಲು ಬೇಕು. 44 ಮಿ.ಮೀ. ಚಪ್ಪಟೆ ಬಟ್ಟೆಯನ್ನು 22ರಂತೆ ಭಾಗ ಮಾಡಿ ಎರಡು ಲಾಳಿ ಹಾಕಿದರೆ 14 ಮಿ.ಮೀ. ವ್ಯಾಸದ ಎರಡು ಕಾಲು ಸಿಗುತ್ತವೆ. ಆದರೆ 529 ಎಳೆಯನ್ನು ಹಂಚಿದರೆ ಒಂದಕ್ಕೆ 265, ಇನ್ನೊಂದಕ್ಕೆ 264. ಎರಡನೆಯ ಕಾಲಿನಲ್ಲಿ ಮತ್ತೆ ಜೋಡಿ ಎಳೆ! ಒಂದು ಎಳೆಯನ್ನು ಹೆಚ್ಚಿಗೆ ಹೂಡಿ, ಮೇಲಿನ ಭಾಗದಲ್ಲಿ ನೇಯದೆ ಹೊರಗೆ ಬಿಟ್ಟು, ಕವಲಿನ ಹತ್ತಿರ ಒಳಗೆ ತೆಗೆದುಕೊಂಡೆವು. ಎರಡಕ್ಕೂ 265 ಆಯಿತು.

ಕವಲಿನ ಸಂದಿ ಇಡೀ ಬಟ್ಟೆಯ ಅತಿ ದುರ್ಬಲ ಜಾಗ. ಎಳೆಗಳು ಎರಡು ಕಡೆಗೆ ಸರಿದು ನಡುವೆ ತೂತು ಬೀಳುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಆ ಕೊಂಡಿ ಹಾಕಿ ಬೆಳೆದ ಕೈಗೆ ಇದು ಕೂಡಲೇ ಹೊಳೆಯಿತು. ಎಡಗಾಲಿನ ಕೆಲವು ಎಳೆ ಬಲಗಾಲಿನೊಳಕ್ಕೆ, ಬಲಗಾಲಿನವು ಎಡಗಾಲಿನೊಳಕ್ಕೆ ನಾಲ್ಕಾರು ಹೊಕ್ಕು ದಾಟಿಸಿ, ಆಮೇಲೆ ತಮ್ಮ ತಮ್ಮ ಜಾಗಕ್ಕೆ ಮರಳಿಸಿದೆವು. ಸಂದಿ ಮುಚ್ಚಿತು.

ನೇಯ್ದ ಮೇಲೆ ಎಣ್ಣೆ ಅಂಶ ಹೋಗುವಂತೆ ತೊಳೆದು, ದುಂಡು ಉಕ್ಕಿನ ಸರಳಿನ ಮೇಲೆ ಏರಿಸಿ ಒಲೆಯಲ್ಲಿ ಶಾಖ ಕೊಟ್ಟರೆ ಪಾಲಿಯೆಸ್ಟರ್ ದುಂಡಗೆ ನಿಲ್ಲುತ್ತದೆ. ಆಮೇಲೆ ಸೋರಿಕೆ ನೋಡಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ. ಪರೀಕ್ಷೆಯ ಒತ್ತಡ ಪಾದರಸದ 120 ಮಿ.ಮೀ., ಅಂದರೆ ನೀರಿನ 163 ಸೆಂ.ಮೀ. ಎತ್ತರ. ಅಷ್ಟೆತ್ತರದ ಪೈಪಿನ ತಳಕ್ಕೆ ಬಟ್ಟೆಯ ತುಂಡು ಬಿಗಿದು, ನೀರಿನ ಮಟ್ಟ ಇಳಿಯದಂತೆ ತುಂಬುತ್ತ, ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಎಷ್ಟು ಮಿ.ಲೀ. ಸೋರಿತು ಅಳೆಯಿರಿ. ಅಂಚು, ನಡು, ಕವಲು ಮೂರೂ ಕಡೆ ಬೇರೆ ಬೇರೆ ಅಳೆಯದೆ ಸರಾಸರಿ ಬರೆದು ತಂದವರನ್ನು ನಾನು ವಾಪಸು ಕಳಿಸುತ್ತೇನೆ.

ಬಟ್ಟೆ ಎಷ್ಟು ದಪ್ಪವಿರಬೇಕು? ಇದನ್ನು ತೂರಿಸುವ ಕೊಳವೆ ಹೇಳುತ್ತದೆ. 18 ಫ್ರೆಂಚ್ ಅಂದರೆ 6 ಮಿ.ಮೀ., ಏಕೆಂದರೆ ಒಂದು ಫ್ರೆಂಚ್ ಮಿಲಿಮೀಟರಿನ ಮೂರನೇ ಒಂದು ಭಾಗ. ಒಳವ್ಯಾಸ ಅಷ್ಟಿದ್ದರೆ ಸಿಗುವ ಜಾಗ 28 ಚದರ ಮಿ.ಮೀ. ನಡುವೆ ಹಾಯುವ 2 ಮಿ.ಮೀ. ನಳಿಗೆ 3 ಹೋಯಿತು. 0.3 ಮಿ.ಮೀ. ತಂತಿಯನ್ನು ಅಂಕುಡೊಂಕಾಗಿ ಬಾಗಿಸಿದ ಹತ್ತು ಶಿಖರಗಳ ಬಳೆ, ಅಂದರೆ ಶಿಖರದ ಎರಡೂ ಬದಿ ಸೇರಿ ಇಪ್ಪತ್ತು ಕಡ್ಡಿ, ಬರೀ 1.4 ತೆಗೆದುಕೊಳ್ಳುತ್ತದೆ. ಬಟ್ಟೆ 0.15 ಮಿ.ಮೀ. ಇದ್ದರೆ 88ರಿಂದ ಗುಣಿಸಿ 13. ಒಟ್ಟು 18ರ ಒಳಗೆ, ಮಡಿಕೆಗಳ ಸಂದಿಗೂ ಜಾಗ ಉಳಿಯುತ್ತದೆ. ಬಟ್ಟೆ 0.25 ಆದರೆ ಅದೊಂದೇ 22, ಒಟ್ಟು 26 ದಾಟುತ್ತದೆ. ಕಾಗದದ ಮೇಲೆ ಹಿಡಿಸಿದಂತೆ ಕಂಡರೂ ಕೈಯಲ್ಲಿ ತೂರದು. ತಂತಿ ತೆಳುವು ಮಾಡಿ ಜಾಗ ಉಳಿಸಲು ಹೊರಟವರಿಗೆ ಈ ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸುತ್ತೇನೆ.

ತಂತಿಗೆ ನಿಟಿನಾಲ್ ಒಳ್ಳೆಯದು. ನಿಕ್ಕಲ್ ಮತ್ತು ಟೈಟೇನಿಯಂ ಸೇರಿದ ಈ ಲೋಹವನ್ನು ಶೇಕಡಾ 8ರ ಆಸುಪಾಸು ಹಿಗ್ಗಿಸಿ ಬಿಟ್ಟರೂ ಮೊದಲಿನ ಆಕಾರಕ್ಕೆ ಮರಳುತ್ತದೆ. ಸ್ಟೀಲ್ ಶೇಕಡಾ ಒಂದರೊಳಗೇ ಸೊಟ್ಟಗಾಗುತ್ತದೆ. ಮೊಳೆ ಹೊಡೆದ ಉಕ್ಕಿನ ಅಚ್ಚಿನ ಸುತ್ತ ಅಂಕುಡೊಂಕಾಗಿ ಬಿಗಿದು, 500 ಡಿಗ್ರಿಯ ಹತ್ತಿರ ಕೆಲವು ನಿಮಿಷ ಕಾಯಿಸಿ ನೀರಿಗೆ ಅದ್ದಿದರೆ ಆ ಆಕಾರ ನೆನಪಾಗಿ ಉಳಿಯುತ್ತದೆ. ಅದು ಪೂರ್ತಿ ಅರಳುವ ತಾಪಮಾನ ಮೈಯ ಬಿಸಿಯಾದ 37 ಡಿಗ್ರಿಗಿಂತ ಕೆಳಗಿರಬೇಕು. ಮೇಲ್ಮೈ ಕನ್ನಡಿಯಂತೆ ನುಣುಪಾಗಿರಬೇಕು. ಒರಟು ತಂತಿ ಬಟ್ಟೆಗೆ ಅರ.

ಇನ್ನು ತಂತಿಯನ್ನು ಬಟ್ಟೆಗೆ ಕೂಡಿಸುವ ಹೊಲಿಗೆ. ನನ್ನ ಅನುಭವದಲ್ಲಿ ಗ್ರಾಫ್ಟಿನ ಆಯಸ್ಸು ತೀರ್ಮಾನವಾಗುವುದು ಇಲ್ಲಿಯೇ. ನಿಮಿಷಕ್ಕೆ 70ರಂತೆ ಹೃದಯ ವರ್ಷಕ್ಕೆ 3 ಕೋಟಿ 68 ಲಕ್ಷ ಸಲ ಬಡಿಯುತ್ತದೆ. ಹತ್ತು ವರ್ಷಕ್ಕೆ ಹತ್ತಿರಹತ್ತಿರ 37 ಕೋಟಿ. ಪ್ರತಿ ಬಡಿತಕ್ಕೂ ತಂತಿ ಬಟ್ಟೆಯ ಮೇಲೆ ಕೂದಲೆಳೆಯಷ್ಟು ಸರಿದರೂ ಸಾಕು, ಅದು ಉಜ್ಜಿ ಉಜ್ಜಿ ಎಳೆ ಕಡಿಯುತ್ತದೆ.

ನನ್ನ ಆರಂಭದ ಮಾದರಿಯೊಂದರಲ್ಲಿ ಕಡ್ಡಿಗಳ ನಡುಭಾಗಕ್ಕೆ ಮಾತ್ರ ಹೊಲಿಗೆ ಹಾಕಿ, ಶಿಖರಗಳನ್ನು ಹಾಗೇ ಬಿಟ್ಟಿದ್ದೆ. ಸಿಲಿಕೋನ್ ನಾಳದೊಳಗೆ ಕೂರಿಸಿ ಪಂಪಿಗೆ ಹಚ್ಚಿದೆ, ನೀರಿಗೆ ಕೆಂಪು ಬಣ್ಣ ಬೆರೆಸಿದ್ದೆ. ಮೂರನೇ ವಾರ ಬೆಳಿಗ್ಗೆ ಬಂದು ನೋಡಿದರೆ ಬಟ್ಟೆಯ ಹೊರಗೆ ಕೆಂಪು ಮೋಡ. ಭೂತಗನ್ನಡಿ ಹಿಡಿದಾಗ ಶಿಖರದ ತುದಿಯಲ್ಲಿ ಸಾಸಿವೆಯಷ್ಟು ತೂತು, ಸುತ್ತ ಎಳೆಗಳ ತುದಿ ಹತ್ತಿಯಂತೆ ಹಿಂಜಿತ್ತು. ಮೈಯೊಳಗೆ ಹೀಗೆ ಗ್ರಾಫ್ಟಿನಿಂದ ಉಬ್ಬಿನೊಳಕ್ಕೆ ರಕ್ತ ಸೋರಿದರೆ ಅದನ್ನು ಮೂರನೇ ಬಗೆಯ ಎಂಡೋಲೀಕ್ ಅನ್ನುತ್ತಾರೆ. ಉಬ್ಬಿನೊಳಗೆ ಒತ್ತಡ ಮತ್ತೆ ಏರುತ್ತದೆ, ಕಾಕಾನಿಗೆ ಆದದ್ದೇ ಆಗಬಹುದು.

ಆಗ ಅವ್ವನ ಹತ್ತಿರ ಕೂತೆ. ಅವ್ವ ಕಸೂತಿ ಹಾಕುವವಳು, ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ ಎಳೆ ಎಣಿಸಿಯೇ ಗವಂತಿ, ಮುರಗಿ ಎಲ್ಲ ಹಾಕುತ್ತಾಳೆ. "ಸೂಜಿ ಎಳಿಯೊಳಗ ಚುಚ್ಚಬ್ಯಾಡ, ಎಳಿ ಎಳಿ ನಡುವ ದಾಟಿಸು" ಅಂದಳು. ಅಂದಿನಿಂದ ಕತ್ತರಿಸುವ ಅಂಚಿನ ಸೂಜಿ ಬಿಟ್ಟು ದುಂಡು ಮೊನೆಯ ಸೂಜಿ ಹಿಡಿದೆ. ಹೆಣೆದ ಪಾಲಿಯೆಸ್ಟರ್ ದಾರ ತೆಗೆದುಕೊಳ್ಳಿರಿ. ಪ್ರತಿ ಶಿಖರಕ್ಕೂ ಎರಡು ಸುತ್ತು ಹಾಕಿ, ಪ್ರತಿ ಕಡ್ಡಿಗೂ ಮೂರು ಕಡೆ ಹಿಡಿಯಿರಿ. ಕಸೂತಿಯಲ್ಲಿ ಗಂಟಿಲ್ಲ, ಇಲ್ಲಿ ಗಂಟು ಬೇಕೇ ಬೇಕು. ಒಂದು ಹೊಲಿಗೆ ಹರಿದರೆ ಪಕ್ಕದ್ದು ಬಿಚ್ಚದಂತೆ ಪ್ರತಿಯೊಂದನ್ನೂ ಬೇರೆಯಾಗಿ ಕಟ್ಟಿ, ಗಂಟನ್ನು ತಂತಿಯ ಪಕ್ಕಕ್ಕೆ ತನ್ನಿರಿ. ತಂತಿ ಮತ್ತು ನಾಳದ ಗೋಡೆಯ ನಡುವೆ ಗಂಟು ಸಿಕ್ಕಿಕೊಳ್ಳಬಾರದು.

ಕೊನೆಯದು ಗುರುತು. ಎಕ್ಸ್‌ರೇ ಪರದೆಯ ಮೇಲೆ ಬಟ್ಟೆ ಕಾಣುವುದೇ ಇಲ್ಲ, ನಿಟಿನಾಲ್ ಮಸುಕಾಗಿ ಕಾಣುತ್ತದೆ. ಅದಕ್ಕೆ ಬಟ್ಟೆಯ ಮೇಲಂಚಿಗೆ ಸಮ ಅಂತರದಲ್ಲಿ ಪ್ಲಾಟಿನಂ ಅಥವಾ ಟ್ಯಾಂಟಲಮ್ ತುಣುಕುಗಳನ್ನು ಹೊಲಿಯಿರಿ, ಪ್ರತಿ ಕಾಲಿನ ತುದಿಗೂ ಒಂದೊಂದು. ಹೊಲಿಯುವುದು ತಂತಿಗಲ್ಲ, ಬಟ್ಟೆಯ ಅಂಚಿಗೇ. ತಂತಿಯ ಶಿಖರ ಬಟ್ಟೆಗಿಂತ ಮೇಲೆ ಚಾಚಿಕೊಂಡಿರುವ ವಿನ್ಯಾಸಗಳಲ್ಲಿ ಡಾಕ್ಟರು ಅದನ್ನೇ ಅಂಚೆಂದು ತಿಳಿದರೆ ಬಟ್ಟೆ ಕೊರಳಿಗಿಂತ ಕೆಳಗೆ ಕೂರುತ್ತದೆ. ಮಾಡಿದ ಮಾದರಿಯನ್ನು ತೂರುಕೊಳವೆಯೊಳಗೆ ಮಡಚಿಟ್ಟು, ಒಂದು ರಾತ್ರಿ ಬಿಟ್ಟು, 37 ಡಿಗ್ರಿಯ ನೀರಿನಲ್ಲಿ ಹೊರತೆಗೆದು ಅರಳಿಸಿರಿ. ಆ ಗುರುತುಗಳ ನಡುವಿನ ಅಂತರ ಮತ್ತೆ ಅಳೆದು, ಹೊಲಿದಾಗ ಬರೆದಿಟ್ಟ ಅಳತೆಯ ಪಕ್ಕದಲ್ಲಿ ಬರೆಯಿರಿ.